ಬೆಳಿಗ್ಗೆ ಆಪರೇಷನ್, ಸಂಜೆ ಮನೆ: ಹಾಸನ, ಚಿಕ್ಕಮಗಳೂರಿನವರು ಯಾವ ಆಸ್ಪತ್ರೆ ಆರಿಸಬೇಕು?

ಹರ್ನಿಯಾ, ಪೈಲ್ಸ್, ಕಣ್ಣಿನ ಪೊರೆ, ಪಿತ್ತಕೋಶದ ಕಲ್ಲು, ಕೈಗೆ ಹಾಕಿದ್ದ ಪ್ಲೇಟು ತೆಗೆಸುವುದು. ಇಂಥದ್ದಕ್ಕೆಲ್ಲ ಈಗ ವಾರಗಟ್ಟಲೆ ಆಸ್ಪತ್ರೆಯಲ್ಲಿ ಮಲಗಬೇಕಿಲ್ಲ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹೋದರೆ ಎಷ್ಟೋ ಜನ ಸಂಜೆಗೆ ಮನೆ ಸೇರುತ್ತಾರೆ. "ಸಿಸ್ಟರ್, ಸರ್ಕಾರಿ ದೊಡ್ಡಾಸ್ಪತ್ರೆಯಲ್ಲೇ ಮಾಡಿಸೋದಾ, ನಮ್ಮೂರ ನರ್ಸಿಂಗ್ ಹೋಮಾ, ಇಲ್ಲ ಮೈಸೂರು, ಮಂಗಳೂರಿಗೆ ಹೋಗೋದಾ?" ವಾರ್ಡಿನ ಕೆಲಸದಿಂದ ನಿವೃತ್ತಳಾದ ಮೇಲೂ ನನಗೆ ಈ ಪ್ರಶ್ನೆ ತಪ್ಪಿಲ್ಲ.

ಕೇಳುವ ಹೊತ್ತಿಗೆ ಅವರು ಎರಡು ವಿಷಯ ವಿಚಾರಿಸಿಕೊಂಡಿರುತ್ತಾರೆ. ಡಾಕ್ಟರ ಕೈಗುಣ ಹೇಗೆ, ಖರ್ಚು ಎಷ್ಟು. ಎರಡೂ ಬೇಕಾದ್ದೇ. ಆದರೆ ಸಂಜೆಯೇ ಮನೆಗೆ ಕಳಿಸುವ ಆಪರೇಷನ್‌ನಲ್ಲಿ ನೋವು ಏರುವ ಹೊತ್ತಿಗೆ ಡಾಕ್ಟರೂ ಪಕ್ಕದಲ್ಲಿರುವುದಿಲ್ಲ, ಸಿಸ್ಟರೂ ಇರುವುದಿಲ್ಲ. ಹೆಂಡತಿಯೋ ಮಗನೋ ಇರುತ್ತಾರೆ. ಕೈಯಲ್ಲಿ ಮಾತ್ರೆಯ ಕವರು, ಇಂಗ್ಲಿಷಿನಲ್ಲಿ ಬರೆದ ಒಂದು ಚೀಟಿ. ಹೊರಡುವ ಮುಂಚೆ ಸಿಸ್ಟರ್ ಎಷ್ಟು ಬಿಡಿಸಿ ಹೇಳಿದ್ದಾರೋ ಅಷ್ಟೇ ಆ ರಾತ್ರಿಯ ಆರೈಕೆ. ಹಾಗಾಗಿ ನಾನು ಆಸ್ಪತ್ರೆಗಳನ್ನು ಆ ಮೊದಲ ರಾತ್ರಿಯ ಕಡೆಯಿಂದಲೇ ತೂಗಿ ನೋಡುತ್ತೇನೆ.

ಏನೇನು ನೋಡಬೇಕು

ಆಪರೇಷನ್‌ಗೆ ಮುಂಚೆ ಯಾರಾದರೂ ಕೂತು ನೋವಿನ ಬಗ್ಗೆ ಮಾತಾಡುತ್ತಾರಾ ನೋಡಿ. ಯಾವ ಅನಸ್ತೇಷಿಯಾ ಕೊಡುತ್ತಾರೆ, ಎಷ್ಟು ಹೊತ್ತು ಮರಗಟ್ಟಿರುತ್ತದೆ, ಅದು ಬಿಟ್ಟ ಮೇಲೆ ಎಲ್ಲಿ ನೋಯುತ್ತದೆ, ಎಷ್ಟು ದಿನ ನೋಯುತ್ತದೆ. ಅವರೂ ನಿಮ್ಮನ್ನು ಕೇಳಬೇಕಾದ್ದಿದೆ. ಹೊಟ್ಟೆಯಲ್ಲಿ ಹುಣ್ಣಾಗಿತ್ತಾ, ಕಿಡ್ನಿ ತೊಂದರೆ ಇದೆಯಾ, ಅಸ್ತಮಾ ಇದೆಯಾ, ರಕ್ತ ತೆಳುವಾಗುವ ಮಾತ್ರೆ ತಗೋತೀರಾ, ಯಾವುದಾದರೂ ಔಷಧಿಗೆ ಮೈಮೇಲೆ ದದ್ದು ಎದ್ದಿತ್ತಾ. ಸುಮ್ನೆ ಫಾರಂ ತುಂಬಲು ಕೇಳುವ ಪ್ರಶ್ನೆಗಳಲ್ಲ ಇವು. ಡೈಕ್ಲೋಫೆನಾಕ್, ಐಬುಪ್ರೊಫೇನ್ ಜಾತಿಯ ನೋವಿನ ಮಾತ್ರೆಗಳು ಹುಣ್ಣಿರುವವರಿಗೆ, ಕಿಡ್ನಿ ಸೋತವರಿಗೆ ಅಪಾಯ. ಕೆಲವು ಅಸ್ತಮಾದವರಿಗೂ ಆಗಿಬರುವುದಿಲ್ಲ.

ಖಾಲಿ ಹೊಟ್ಟೆಯ ವಿಚಾರವನ್ನು ಹೇಗೆ ಹೇಳುತ್ತಾರೆ ಅನ್ನುವುದನ್ನೂ ಗಮನಿಸಿ. "ರಾತ್ರಿ ಊಟ ಆದ್ಮೇಲೆ ಏನೂ ಬೇಡ" ಅಂತ ಒಂದೇ ಮಾತಲ್ಲಿ ಮುಗಿಸುವ ಕಡೆಗಳೇ ಜಾಸ್ತಿ. ಸಾಮಾನ್ಯವಾಗಿ ಹಗುರ ತಿಂಡಿಗೆ 6 ಗಂಟೆ, ಎಣ್ಣೆ ಮಾಂಸದ ಊಟಕ್ಕೆ 8 ಗಂಟೆ, ಬರೀ ನೀರಿಗೆ 2 ಗಂಟೆ ಬಿಡಬೇಕು ಅನ್ನುವುದು ಲೆಕ್ಕ. ಮಧ್ಯಾಹ್ನ ಆಪರೇಷನ್ ಇರುವ ಅಜ್ಜಿಗೆ ಹಿಂದಿನ ರಾತ್ರಿಯಿಂದ ಗುಟುಕು ನೀರೂ ಕೊಡದೆ ಕೂರಿಸಬೇಕಿಲ್ಲ. ನಿಮಗೆ ಎಷ್ಟು ಗಂಟೆ ಅಂತ ಅನಸ್ತೇಷಿಯಾ ಡಾಕ್ಟರ ಹತ್ತಿರವೇ ಕೇಳಿಕೊಳ್ಳಿ. ಹಾಲು ಹಾಕಿದ ಕಾಫಿ ಮಾತ್ರ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದಕ್ಕೂ 6 ಗಂಟೆ. ಕಾಫಿ ಸೀಮೆಯವರಿಗೆ ಇದನ್ನು ಒತ್ತಿ ಹೇಳಲೇಬೇಕು. "ಕಾಫಿ ಒಂದ್ ಲೋಟ ಕುಡಿದೆ ಅಷ್ಟೆ" ಅಂದವರ ಆಪರೇಷನ್ ಮುಂದಕ್ಕೆ ಹೋಗಿದ್ದನ್ನು ನಾನು ನೋಡಿದ್ದೇನೆ.

ಆಪರೇಷನ್ ಆದ ಮೇಲೆ ನೋವನ್ನು ಹೇಗೆ ಕೇಳುತ್ತಾರೆ? "ನೋವಿದ್ಯಾ?" ಅಂದರೆ ನಮ್ಮ ಕಡೆಯ ಹಿರಿಯರಿಂದ ಒಂದೇ ಉತ್ತರ, "ಏನಿಲ್ಲ ಬಿಡಮ್ಮ, ತಡ್ಕೋಬಹುದು." ಹಲ್ಲು ಕಚ್ಚಿಕೊಂಡು ಹೇಳುತ್ತಿರುತ್ತಾರೆ. ಅನುಭವ ಇರುವ ಸಿಸ್ಟರ್ ಹಾಗೆ ಕೇಳುವುದಿಲ್ಲ. ಸೊನ್ನೆಯಿಂದ ಹತ್ತರಲ್ಲಿ ಎಷ್ಟು ಅಂತ ಕೇಳುತ್ತಾರೆ. ಮಲಗಿದ್ದಾಗ ಎಷ್ಟು, ಕೆಮ್ಮಿದರೆ ಎಷ್ಟು, ಎದ್ದು ಕೂತರೆ ಎಷ್ಟು ಅಂತ ಬೇರೆ ಬೇರೆ ಕೇಳುತ್ತಾರೆ. ಇಂಜೆಕ್ಷನ್ ಕೊಟ್ಟು ಅರ್ಧ ಗಂಟೆ ಬಿಟ್ಟು ಮತ್ತೆ ಬಂದು ಕೇಳುತ್ತಾರೆ. ಈ ಎರಡನೇ ಸಲದ ಕೇಳುವಿಕೆಯೇ ಬಹಳ ಕಡೆ ಇರುವುದಿಲ್ಲ. ಮಲಗಿದ್ದಾಗ ಎರಡು, ಎದ್ದರೆ ಎಂಟು ಅನ್ನುವವರನ್ನು ಮನೆಗೆ ಕಳಿಸಿದರೆ ಏನು ಪ್ರಯೋಜನ? ಮನೆಯಲ್ಲಿ ಬಚ್ಚಲು ಹಿತ್ತಲಲ್ಲಿರಬಹುದು, ನಾಲ್ಕು ಮೆಟ್ಟಿಲು ಇಳಿಯಬೇಕಾಗಬಹುದು.

ಡಿಸ್ಚಾರ್ಜ್ ಹೊತ್ತಿನ ಮಾತು ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ. ಯಾವ ಮಾತ್ರೆ, ಎಷ್ಟು ಹೊತ್ತಿಗೆ, ಮೊದಲನೆಯದು ಇವತ್ತು ಎಷ್ಟು ಗಂಟೆಗೆ, ಅದಕ್ಕೂ ನೋವು ಬಗ್ಗದಿದ್ದರೆ ಯಾವುದು. ಇದನ್ನು ರೋಗಿಗೆ ಮಾತ್ರ ಹೇಳಿದರೆ ಸಾಲದು. ಅನಸ್ತೇಷಿಯಾ ಮಂಪರಿನಲ್ಲಿ ಕೇಳಿದ್ದು ತಲೆಯಲ್ಲಿ ಉಳಿಯುವುದಿಲ್ಲ. ರಾತ್ರಿ ಜತೆಗಿರುವವರನ್ನು ಕೂರಿಸಿಕೊಂಡು ಹೇಳಬೇಕು. ಹೇಳಿ ಮುಗಿಸಿ "ಈಗ ನೀವು ಹೇಳಿ ನೋಡೋಣ, ರಾತ್ರಿ ಯಾವುದು ಕೊಡ್ತೀರಿ?" ಅಂತ ತಿರುಗಿ ಕೇಳುವ ಸಿಸ್ಟರ್ ಸಿಕ್ಕರೆ ಅರ್ಧ ಚಿಂತೆ ಕಳೆಯಿತು. ಆಸ್ಪತ್ರೆಗಳಲ್ಲಿ ಬಹಳ ಕಡೆ ಮಧ್ಯಾಹ್ನ 2ಕ್ಕೆ ಡ್ಯೂಟಿ ಬದಲಾಗುತ್ತದೆ. ಹೋಗುವವರು ಬಂದವರು ಹೇಳ್ತಾರೆ ಅಂದುಕೊಳ್ಳುತ್ತಾರೆ, ಬಂದವರು ಹೋದವರು ಹೇಳಿದ್ದಾರೆ ಅಂದುಕೊಳ್ಳುತ್ತಾರೆ. ಆ ಹೊತ್ತಿನಲ್ಲಿ ಚೀಟಿ ಹಿಡಿದು ಹೊರಡಬೇಡಿ. ಅರ್ಧ ಗಂಟೆ ಕಾದು ಹೊಸಬರ ಹತ್ತಿರ ಇನ್ನೊಮ್ಮೆ ಕೇಳಿ.

ಉಳಿದದ್ದು ಫೋನ್ ಮತ್ತು ದಾರಿ. ರಾತ್ರಿ ಎರಡು ಗಂಟೆಗೆ ಫೋನ್ ಮಾಡಿದರೆ ಎತ್ತುವವರು ಯಾರು? ಸೆಕ್ಯುರಿಟಿ ಎತ್ತಿ "ಬೆಳಿಗ್ಗೆ ಬನ್ನಿ" ಅಂದರೆ ಅದು ಲೆಕ್ಕಕ್ಕಿಲ್ಲ. ಮನೆಯಿಂದ ಆಸ್ಪತ್ರೆಗೆ ಸುಮಾರು ಒಂದು ಗಂಟೆಯೊಳಗೆ ತಲುಪುವಂತಿರಬೇಕು ಅನ್ನುವುದು ಇಂಥ ಆಪರೇಷನ್‌ಗಳಲ್ಲಿ ಹಳೆಯ ರೂಢಿ. ಬಯಲು ಸೀಮೆಯ ಅರಸೀಕೆರೆ, ಕಡೂರಿನವರಿಗೆ ಈ ಒಂದು ಗಂಟೆ ದೊಡ್ಡ ಮಾತಲ್ಲ. ಸಕಲೇಶಪುರ, ಆಲೂರು, ಮೂಡಿಗೆರೆ ಕಡೆಯ ತೋಟದ ಮನೆಯವರ ಕಥೆ ಬೇರೆ. ಮಳೆಗಾಲದಲ್ಲಿ ಮರ ಬಿದ್ದಿರುತ್ತದೆ, ಕರೆಂಟ್ ಹೋದರೆ ನೆಟ್‌ವರ್ಕ್ ಹೋಗುತ್ತದೆ, ರಾತ್ರಿ ರಸ್ತೆಯಲ್ಲಿ ಆನೆ ನಿಂತಿರುತ್ತದೆ. ಮ್ಯಾಪಿನಲ್ಲಿ 40 ಕಿಲೋಮೀಟರ್ ತೋರಿಸಿದರೂ ಅಲ್ಲಿಯವರಿಗೆ ಅದು 40 ಅಲ್ಲ.

ಸರ್ಕಾರಿ ಆಸ್ಪತ್ರೆ

ಹಾಸನದಲ್ಲಿ ಹಿಮ್ಸ್‌ಗೆ (ಹಾಸನ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ) ಸೇರಿದ ಶ್ರೀ ಚಾಮರಾಜೇಂದ್ರ ಆಸ್ಪತ್ರೆ, ಚಿಕ್ಕಮಗಳೂರಿನಲ್ಲಿ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ. ಎರಡೂ ಕಡೆ ಈಗ ಮೆಡಿಕಲ್ ಕಾಲೇಜು ಇದೆ. ಕಾಲೇಜು ಇದ್ದರೆ ರಾತ್ರಿಯೂ ಡ್ಯೂಟಿ ಡಾಕ್ಟರು ಇರುತ್ತಾರೆ, ಕಲಿಯುವ ಹುಡುಗ ಹುಡುಗಿಯರು ವಾರ್ಡಿನಲ್ಲಿ ಓಡಾಡುತ್ತಿರುತ್ತಾರೆ. ಅವರನ್ನು ಕಂಡರೆ ಕೆಲವರಿಗೆ ಕಿರಿಕಿರಿ. ನನ್ನನ್ನು ಕೇಳಿದರೆ ನಿಮ್ಮ ಮಾತು ಪೂರ್ತಿ ಕೇಳಿಸಿಕೊಳ್ಳಲು ಪುರುಸೊತ್ತಿರುವವರು ಅವರೇ. ನೋವು ಎಲ್ಲಿ, ಹೇಗೆ ಅಂತ ಅವರಿಗೆ ಹೇಳಿದರೆ ಅದು ಕೇಸ್ ಶೀಟಿಗೆ ಬರುತ್ತದೆ.

ಇಲ್ಲಿನ ಇನ್ನೊಂದು ಅನುಕೂಲ ಭಾಷೆ. ಸಿಸ್ಟರ್ ನಮ್ಮ ಕಡೆಯವರೇ ಆಗಿರುವುದು ಜಾಸ್ತಿ. "ಸೆಳೀತದೆ", "ಉರೀತದೆ", "ಸಿಡಿದಂಗಾಗ್ತದೆ" ಅಂದರೆ ಯಾವುದು ಗಾಯದ ನೋವು, ಯಾವುದು ನರದ ನೋವು ಅಂತ ಅವರಿಗೆ ಅಂದಾಜು ಸಿಗುತ್ತದೆ. ಉರಿ, ಶಾಕ್ ಹೊಡೆದಂಥ ನೋವಿಗೆ ಮಾಮೂಲಿ ಮಾತ್ರೆ ಅಷ್ಟಾಗಿ ಕೆಲಸ ಮಾಡುವುದಿಲ್ಲ. ಅದನ್ನು ಡಾಕ್ಟರಿಗೆ ತಿಳಿಸಬೇಕಾಗುತ್ತದೆ.

ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಒಬ್ಬ ಸಿಸ್ಟರ್‌ಗೆ ಹತ್ತಾರು ಹಾಸಿಗೆ. ಇಂಜೆಕ್ಷನ್ ಹೊತ್ತಿಗೆ ಸರಿಯಾಗಿ ಬರುತ್ತದೆ, ನಡುವೆ ನೋವು ಬಂದರೆ ನೀವೇ ಹೋಗಿ ಹೇಳಬೇಕು. ನಮ್ಮ ಜನ ಹೋಗುವುದಿಲ್ಲ. "ಪಾಪ, ಅವರಿಗೂ ಎಷ್ಟು ಕೆಲಸ" ಅಂತ ಕೂರುತ್ತಾರೆ. ಆ ಪಾಪ ಬೇಡ. ಮುಂಚೆಯೇ ಹೇಳಿದರೆ ಮಾತ್ರೆಯಲ್ಲಿ ಮುಗಿಯುವ ನೋವಿಗೆ ತಡವಾಗಿ ಹೇಳಿದರೆ ಇಂಜೆಕ್ಷನ್ ಬೇಕಾಗುತ್ತದೆ. ಸಿಸ್ಟರ್‌ಗೂ ಕೆಲಸ ಹೆಚ್ಚೇ ಆಗುತ್ತದೆ.

ಮಾತಾಡುವ, ಕೇಳುವ ಧೈರ್ಯ ಇರುವ ಒಬ್ಬರು ಜತೆಗಿದ್ದರೆ, ಖರ್ಚು ಕಡಿಮೆ ಆಗಬೇಕಿದ್ದರೆ ಇದು ಒಳ್ಳೆಯ ಆಯ್ಕೆ. ಸಕ್ಕರೆ ಕಾಯಿಲೆ, ಹೃದಯದ ತೊಂದರೆ ಇರುವವರಿಗೂ ಊರಿನ ಸಣ್ಣ ನರ್ಸಿಂಗ್ ಹೋಮಿಗಿಂತ ಇದೇ ವಾಸಿ, ಯಾಕೆಂದರೆ ಬೇರೆ ವಿಭಾಗದ ಡಾಕ್ಟರು ಅದೇ ಆವರಣದಲ್ಲಿ ಸಿಗುತ್ತಾರೆ. ಅದೇ ದಿನ ಮನೆಗೆ ಕಳಿಸುವ ಬದಲು ಒಂದೆರಡು ರಾತ್ರಿ ಇಟ್ಟುಕೊಳ್ಳುವುದೂ ಇಲ್ಲಿ ಮಾಮೂಲು. ದೂರದವರು ಅದಕ್ಕೆ ಬೇಜಾರು ಮಾಡಿಕೊಳ್ಳಬಾರದು.

ಪೇಟೆಯ ನರ್ಸಿಂಗ್ ಹೋಮ್

ಜನ ಜಾಸ್ತಿ ಒಲಿಯುವುದು ಇದಕ್ಕೇ. ಡಾಕ್ಟರ್ ಅಪ್ಪನ ಕಾಲದಿಂದ ಪರಿಚಯ, ಮೊಬೈಲ್ ನಂಬರ್ ಕೊಟ್ಟಿರುತ್ತಾರೆ, ರಾತ್ರಿ ಫೋನ್ ಮಾಡಿದರೆ ಎತ್ತುತ್ತಾರೆ. ಫೋನಿನ ಅಳತೆಯಲ್ಲಿ ಒಳ್ಳೆಯ ನರ್ಸಿಂಗ್ ಹೋಮನ್ನು ಯಾವ ದೊಡ್ಡ ಆಸ್ಪತ್ರೆಯೂ ಮೀರಿಸುವುದಿಲ್ಲ. ಬೆಳಿಗ್ಗೆ ಸೇರಿದ ರೋಗಿಯ ಹೆಸರು ಸಂಜೆ ಎಲ್ಲರಿಗೂ ಗೊತ್ತಿರುತ್ತದೆ.

ಆದರೆ ಎರಡು ಪ್ರಶ್ನೆ ಕೇಳದೆ ಒಪ್ಪಬೇಡಿ. ಒಂದು, ಅನಸ್ತೇಷಿಯಾ ಡಾಕ್ಟರ್ ಎಲ್ಲಿಯವರು? ಸಣ್ಣ ಆಸ್ಪತ್ರೆಗಳಲ್ಲಿ ಅವರು ಹೊರಗಿನಿಂದ ಬರುತ್ತಾರೆ. ಒಂದು ಕೇಸ್ ಮುಗಿಸಿ ಇನ್ನೊಂದು ಆಸ್ಪತ್ರೆಗೆ ಹೊರಡುತ್ತಾರೆ. ತಪ್ಪೇನಿಲ್ಲ, ಎಲ್ಲೆಡೆ ನಡೆಯುವುದೇ. ಆದರೆ ನೋವಿನ ಔಷಧಿ ಬಗ್ಗೆ ಚೆನ್ನಾಗಿ ತಿಳಿದವರು ಅವರೇ. ಹೋಗುವ ಮುಂಚೆ ಮೊದಲ 24 ಗಂಟೆಯ ನೋವಿಗೆ ಏನು ಮಾಡಬೇಕು ಅಂತ ಬರೆದಿಟ್ಟು ಹೋಗುತ್ತಾರಾ? ಎರಡು, ರಾತ್ರಿ ಇರುವ ಸಿಸ್ಟರ್ ನರ್ಸಿಂಗ್ ಓದಿದವರಾ, ಇಲ್ಲ ಕೆಲಸ ಮಾಡುತ್ತಾ ಕಲಿತ ಹುಡುಗಿಯಾ? ಕೇಳಲು ಮುಜುಗರ ಅನಿಸಬಹುದು. "ರಾತ್ರಿ ಡ್ಯೂಟಿಯಲ್ಲಿ ಯಾರಿರ್ತಾರೆ ಡಾಕ್ಟ್ರೇ?" ಅಂದರೆ ಸಾಕು. ಕೆಲಸ ಕಲಿತ ಹುಡುಗಿಯರು ಎಷ್ಟೋ ಸಲ ಬಹಳ ಅಕ್ಕರೆಯಿಂದ ನೋಡಿಕೊಳ್ಳುತ್ತಾರೆ, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬಿಪಿ ಇಳಿಯುತ್ತಿರುವುದನ್ನು, ಮೂತ್ರ ಕಟ್ಟಿದ್ದನ್ನು ಗುರುತಿಸಲು ಅಕ್ಕರೆ ಸಾಲದು.

ಪ್ಯಾಕೇಜ್ ದರ ಹೇಳಿದಾಗ ಅದರಲ್ಲಿ ಏನೇನು ಸೇರಿದೆ ಅಂತ ಬರೆಸಿಕೊಳ್ಳಿ. ಅನಸ್ತೇಷಿಯಾ ಫೀಸು, ಹರ್ನಿಯಾಕ್ಕೆ ಒಳಗೆ ಹಾಕುವ ಬಲೆ (ಮೆಶ್), ಒಂದು ರಾತ್ರಿ ಉಳಿದರೆ ರೂಮಿನ ಬಾಡಿಗೆ, ಮನೆಗೆ ಕೊಡುವ ಮಾತ್ರೆ. ರಾತ್ರಿಯ ಬಾಡಿಗೆ ಬೇರೆ ಅಂದರೆ ಜನ ನೋವಿದ್ದರೂ ಸಂಜೆಯೇ ಎದ್ದು ಹೊರಡುತ್ತಾರೆ. ಅದು ಆಗಬಾರದು.

ಮೈಸೂರು, ಮಂಗಳೂರು, ಬೆಂಗಳೂರು

ದೊಡ್ಡ ಊರಿನ ದೊಡ್ಡ ಆಸ್ಪತ್ರೆಗಳಲ್ಲಿ ಅದೇ ದಿನ ಮನೆಗೆ ಹೋಗುವವರಿಗೆ ಡೇ ಕೇರ್ ಅಂತಲೇ ಬೇರೆ ವಾರ್ಡು ಇರುತ್ತದೆ. ನೋವಿನ ಅಂಕಿ ಚಾರ್ಟಿನಲ್ಲಿ ಬರೆಯುತ್ತಾರೆ. ಮನೆಗೆ ಕಳಿಸುವ ಮುಂಚೆ ಬಿಪಿ, ಉಸಿರು, ವಾಂತಿ, ನಡೆಯುವುದು, ನೋವು ಎಲ್ಲಕ್ಕೂ ಅಂಕ ಹಾಕಿ ನೋಡುತ್ತಾರೆ. ಭುಜ, ಕೈ, ಪಾದದ ಆಪರೇಷನ್‌ಗೆ ನರದ ಹತ್ತಿರ ಮದ್ದು ಕೊಟ್ಟು ಕೈಕಾಲು ಮಾತ್ರ ಮರಗಟ್ಟಿಸುವ ಬ್ಲಾಕ್ ಅಲ್ಲಿ ಸುಲಭವಾಗಿ ಸಿಗುತ್ತದೆ. ಬ್ಲಾಕ್ ಬಹಳ ಒಳ್ಳೆಯದು. ಆದರೆ ಅದರ ಬಗ್ಗೆ ಹೇಳದೆ ಕಳಿಸಿದರೆ ಅಷ್ಟೇ ಕೆಟ್ಟದ್ದು.

ನಮ್ಮ ನೆಂಟರೊಬ್ಬರಿಗೆ ಹೀಗೇ ಆಯಿತು. ದೊಡ್ಡ ಊರಲ್ಲಿ ಮಣಿಕಟ್ಟಿಗೆ ಪ್ಲೇಟ್ ಹಾಕಿಸಿಕೊಂಡು ಅಲ್ಲೇ ತಮ್ಮನ ಮನೆಯಲ್ಲಿ ಉಳಿದರು. ಸಂಜೆಯೆಲ್ಲ "ನೋವೇ ಇಲ್ಲ ಕಣೇ" ಅಂತ ಫೋನಿನಲ್ಲಿ ಹೇಳಿದರು. ಮಾತ್ರೆ ಬೇಡ ಅಂದರು. ಬ್ಲಾಕ್ 12 ಗಂಟೆ, ಕೆಲವರಲ್ಲಿ 18 ಗಂಟೆಯೂ ಇರುತ್ತದೆ. ಅದು ಬಿಟ್ಟದ್ದು ನಡುರಾತ್ರಿ, ಒಂದೇ ಏಟಿಗೆ. ಆಮೇಲೆ ತಗೊಂಡ ಮಾತ್ರೆ ಹಿಡಿಯಲು ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆ ಮನೆಯವರೆಲ್ಲ ಅವರನ್ನು ಕೂರಿಸಿ, ನಿಲ್ಲಿಸಿ, ಕಂಗಾಲು. "ಜೋಮು ಬಿಡುವ ಮುಂಚೆಯೇ ಮೊದಲ ಮಾತ್ರೆ ನುಂಗಿ, ಮಲಗುವ ಮುಂಚೆ ಇನ್ನೊಂದು ಸಲ ನೋಡಿಕೊಳ್ಳಿ" ಅಂತ ಒಂದು ಮಾತು ಬೇಕಿತ್ತು. ಚೀಟಿಯಲ್ಲಿ ಇತ್ತು. ಇಂಗ್ಲಿಷಿನಲ್ಲಿ, ಎರಡನೇ ಪುಟದ ಕೆಳಗೆ.

ದೊಡ್ಡ ಆಸ್ಪತ್ರೆಯ ಕೊರತೆ ಇರುವುದೇ ಇಲ್ಲಿ. ಕಾಗದ ಅಚ್ಚುಕಟ್ಟು, ಮಾತು ಕಡಿಮೆ. ಸಿಸ್ಟರ್ ಕೇರಳದವರೋ ಇನ್ನೂ ದೂರದವರೋ ಆಗಿದ್ದರೆ, ರೋಗಿ ಹಾಸನದ ಹಳ್ಳಿಯ ಅಜ್ಜನಾಗಿದ್ದರೆ, ಇಬ್ಬರೂ ನಗುತ್ತಾ ತಲೆಯಾಡಿಸಿ ಮುಗಿಸುತ್ತಾರೆ. ತೋಟದಲ್ಲಿ ಕೆಲಸಕ್ಕಿರುವ ತಮಿಳಿನವರಿಗೆ, ಅಸ್ಸಾಮಿನವರಿಗೆ ಇದೇ ತೊಂದರೆ ನಮ್ಮ ಊರಿನ ಆಸ್ಪತ್ರೆಗಳಲ್ಲೇ ಆಗುತ್ತದೆ. ಅವರನ್ನು ಕರೆದೊಯ್ಯುವ ರೈಟರು, ಮಾಲೀಕರು ಜತೆಗೆ ಭಾಷೆ ಬಲ್ಲ ಒಬ್ಬರನ್ನು ಕಳಿಸಬೇಕು. ಕನ್ನಡದಲ್ಲಿ ಹೇಳುವವರು ಬೇಕು ಅಂತ ಕೇಳುವುದು ರೋಗಿಯ ಹಕ್ಕು, ಸಂಕೋಚ ಬೇಡ.

ದೂರದ ಲೆಕ್ಕ ಬೇರೆ. ಹಾಸನದಿಂದ ಮೈಸೂರು ಸುಮಾರು 120 ಕಿಲೋಮೀಟರ್, ಬೆಂಗಳೂರು 180ರ ಮೇಲೆ. ಚಿಕ್ಕಮಗಳೂರಿನಿಂದ ಬೆಂಗಳೂರು 240ರ ಆಸುಪಾಸು. ಮಂಗಳೂರಿಗೆ ಹೋದರೆ ಶಿರಾಡಿಯೋ ಚಾರ್ಮಾಡಿಯೋ ಇಳಿಯಬೇಕು, ಮತ್ತೆ ಹತ್ತಬೇಕು. ಆಪರೇಷನ್ ಆದ ಸಂಜೆ ಹರ್ನಿಯಾದ ಹೊಲಿಗೆ ಹಿಡಿದುಕೊಂಡು ಘಾಟಿಯ ತಿರುವುಗಳಲ್ಲಿ ಬರುವುದು ಶಿಕ್ಷೆ. ವಾಂತಿ ಬಂದರಂತೂ ಕೇಳುವುದೇ ಬೇಡ. ಹೋಗುವುದಾದರೆ ಆಸ್ಪತ್ರೆಯ ಹತ್ತಿರ ನೆಂಟರ ಮನೆ ಅಥವಾ ಲಾಡ್ಜಿನಲ್ಲಿ ಕನಿಷ್ಠ ಒಂದು ರಾತ್ರಿ ಲೆಕ್ಕ ಹಾಕಿಯೇ ಹೋಗಿ. ಆ ಖರ್ಚು ಸೇರಿಸಿದ ಮೇಲೆ ನರ್ಸಿಂಗ್ ಹೋಮಿನ ದರ ಅಷ್ಟೇನೂ ಜಾಸ್ತಿ ಅನಿಸುವುದಿಲ್ಲ. ಕೊಪ್ಪ, ಶೃಂಗೇರಿ ಕಡೆಯವರಿಗೆ ಮಣಿಪಾಲ, ತರೀಕೆರೆಯವರಿಗೆ ಶಿವಮೊಗ್ಗ ಬಳಕೆಯ ದಾರಿ. ಅವರಿಗೂ ಇದೇ ಲೆಕ್ಕ, ಮಣಿಪಾಲಕ್ಕಾದರೆ ಆಗುಂಬೆ ಘಾಟಿ ಸೇರಿಸಿಕೊಂಡು.

ಅದೇ ದಿನ ಮನೆಗೋ, ಒಂದು ರಾತ್ರಿ ಅಲ್ಲೇನೋ

ಯಾವ ಆಸ್ಪತ್ರೆ ಅನ್ನುವುದಕ್ಕಿಂತ ಇದು ದೊಡ್ಡ ಪ್ರಶ್ನೆ. ಉತ್ತರ ಆಪರೇಷನ್ ಮೇಲೆ ನಿಂತಿದೆ.

ಕಣ್ಣಿನ ಪೊರೆಗೆ ಯೋಚನೆ ಬೇಡ, ಅದೇ ದಿನ ಮನೆ. ಮಣ್ಣು ಬಿದ್ದಂತೆ ಚುಚ್ಚುವುದು, ನೀರು ಬರುವುದು ಇರುತ್ತದೆ, ಅಷ್ಟೆ. ಇಲ್ಲಿ ಸಿಸ್ಟರ್ ಮಾತು ಮುಖ್ಯವಾಗುವುದು ಡ್ರಾಪ್ಸ್ ವಿಚಾರದಲ್ಲಿ. ಯಾವುದು ಎಷ್ಟು ಸಲ, ಒಂದಕ್ಕೂ ಇನ್ನೊಂದಕ್ಕೂ ಐದು ನಿಮಿಷ ಬಿಡಬೇಕು ಅನ್ನುವುದು. ಕಣ್ಣು ಜೋರಾಗಿ ನೋಯತೊಡಗಿ ವಾಂತಿ ಬಂದರೆ, ಕಾಣುವುದು ಮಸುಕಾಗುತ್ತಾ ಹೋದರೆ ಬೆಳಗಾಗಲಿ ಅಂತ ಕಾಯಬಾರದು. ಹತ್ತಿರದ ಯಾವ ಒಳ್ಳೆಯ ಕಣ್ಣಾಸ್ಪತ್ರೆಯಾದರೂ ಆದೀತು.

ಹರ್ನಿಯಾ ನಡುವಿನದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದ್ದರೆ ಕಾಲು ಸ್ವಾಧೀನಕ್ಕೆ ಬರಬೇಕು, ಮೂತ್ರ ಹೋಗಬೇಕು, ಆಮೇಲೆ ಹೊರಡುವ ಮಾತು. ವಯಸ್ಸಾದ ಗಂಡಸರಿಗೆ ಮೂತ್ರ ಕಟ್ಟುವುದು ಜಾಸ್ತಿ. ಅದರ ನೋವು ಗಾಯದ ನೋವಿಗಿಂತ ಹೆಚ್ಚು, ಯಾವ ಮಾತ್ರೆಗೂ ಹೋಗುವುದಿಲ್ಲ. ಮರುದಿನ ಎದ್ದು ಕೂತರೆ ತಲೆ ಸಿಡಿದು, ಮಲಗಿದರೆ ಇಳಿಯುತ್ತಿದ್ದರೆ ಅದು ಬೆನ್ನಿನ ಇಂಜೆಕ್ಷನ್‌ನದ್ದು. ಅನಸ್ತೇಷಿಯಾ ಡಾಕ್ಟರಿಗೆ ತಿಳಿಸಬೇಕು. ಕೆಮ್ಮುವಾಗ, ಏಳುವಾಗ ಗಾಯದ ಮೇಲೆ ದಿಂಬು ಒತ್ತಿ ಹಿಡಿದರೆ ಅರ್ಧ ನೋವು ಕಡಿಮೆ. ಇದನ್ನು ಕಲಿಸಲು ಸಿಸ್ಟರ್‌ಗೆ ಒಂದು ನಿಮಿಷ ಸಾಕು.

ಪೈಲ್ಸ್ ಬಗ್ಗೆ ಕಟ್ಟುನಿಟ್ಟಾಗಿ ಹೇಳುತ್ತೇನೆ. ರಸ್ತೆ ಬದಿಯ ಬೋರ್ಡುಗಳಲ್ಲಿ "ನೋವಿಲ್ಲದ ಲೇಸರ್" ಅಂತ ಬರೆದಿರುತ್ತದೆ. ಲೇಸರ್, ಸ್ಟೇಪ್ಲರ್‌ನಲ್ಲಿ ಮೊದಮೊದಲ ನೋವು ಕಡಿಮೆ ನಿಜ. ನೋವೇ ಇಲ್ಲ ಅನ್ನುವುದು ಸುಳ್ಳು. ಕೊಯ್ದು ತೆಗೆಯುವ ಹಳೆಯ ರೀತಿಯಲ್ಲಂತೂ ಮೊದಲ ಸಲ ಕಕ್ಕಸಿಗೆ ಹೋಗುವುದೇ ದೊಡ್ಡ ಪರೀಕ್ಷೆ. ಅದು ಬರುವುದು ಎರಡನೇ, ಮೂರನೇ ದಿನ, ಆಸ್ಪತ್ರೆಯಿಂದ ಬಂದ ಮೇಲೆ. ಹಾಗಾಗಿ ಒಂದು ರಾತ್ರಿ ಹೆಚ್ಚು ಉಳಿದರೂ ಪೂರ್ತಿ ಪ್ರಯೋಜನವಿಲ್ಲ. ಬೇಕಾಗಿರುವುದು ಮನೆಯಲ್ಲಿ ಏನು ಮಾಡಬೇಕು ಅನ್ನುವ ತಿಳಿವಳಿಕೆ. ಮಲ ಮೆತ್ತಗಾಗುವ ಔಷಧಿಯನ್ನು ಮೊದಲ ದಿನದಿಂದಲೇ ಶುರು ಮಾಡುವುದು, ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ಹೋಗುವ ಅರ್ಧ ಗಂಟೆ ಮುಂಚೆ ನೋವಿನ ಮಾತ್ರೆ. ನಮ್ಮ ಕಡೆ ಇದರ ಜತೆಗೆ ನಂಜಿನ ಭಯ ಸೇರುತ್ತದೆ. ಸೊಪ್ಪು ಬೇಡ, ತರಕಾರಿ ಬೇಡ, ಬರೀ ಗಂಜಿ, ಬ್ರೆಡ್ಡು. ಪೈಲ್ಸ್ ಆದವರಿಗೆ ಇದರಷ್ಟು ಕೆಟ್ಟದ್ದು ಇನ್ನೊಂದಿಲ್ಲ. ಅವರಿಗೆ ನಾರು, ನೀರು ಬೇಕು, ಮುದ್ದೆ ಸೊಪ್ಪಿನ ಸಾರು ಧಾರಾಳವಾಗಿ ಕೊಡಿ. ಜೋರು ನೋವಿಗೆ ಕೊಡುವ ಟ್ರಮಡಾಲ್ ಮಾತ್ರೆ ಕೊಟ್ಟಿದ್ದರೆ ಅದೂ ಮಲ ಕಟ್ಟುತ್ತದೆ, ತಲೆ ತಿರುಗಿಸುತ್ತದೆ. ಇಷ್ಟನ್ನು ಕೂತು ಹೇಳುವ ನರ್ಸಿಂಗ್ ಹೋಮ್ ಸಿಕ್ಕರೆ ಬೋರ್ಡಿನ ಲೇಸರ್ ಮರೆತು ಅಲ್ಲಿಗೆ ಹೋಗಿ.

ಪಿತ್ತಕೋಶವನ್ನು ದುರ್ಬೀನಿನಲ್ಲಿ ತೆಗೆದವರಿಗೆ ಭುಜ ನೋಯುತ್ತದೆ. ಹೊಟ್ಟೆಯ ಆಪರೇಷನ್‌ಗೆ ಭುಜ ಯಾಕೆ ಅಂತ ಮನೆಯವರು ಹೆದರಿ ಹಾರ್ಟ್ ಡಾಕ್ಟರ ಹತ್ತಿರ ಓಡುತ್ತಾರೆ. ಆಪರೇಷನ್‌ಗೆಂದು ಹೊಟ್ಟೆಗೆ ತುಂಬಿದ ಗಾಳಿ ವಪೆಗೆ (ಎದೆ, ಹೊಟ್ಟೆಯ ನಡುವಿನ ಪರದೆ) ತಾಗಿ ಆ ನೋವು ಭುಜದಲ್ಲಿ ಕಾಣಿಸುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಆದರೆ ಎದೆ ಹಿಡಿದುಕೊಂಡು ಉಸಿರು ಕಟ್ಟಿದರೆ ಕಾಯಬೇಡಿ. ಹೊಟ್ಟೆ ನೋವು ದಿನೇದಿನೇ ಏರಿದರೆ, ಜ್ವರ ಬಂದರೆ, ಕಣ್ಣು ಹಳದಿಯಾದರೆ ಕೂಡಲೇ ಹೋಗಬೇಕು. ಈ ಆಪರೇಷನ್‌ಗೆ ಮಲೆನಾಡಿನ ಒಳಗಿನವರು ಒಂದು ರಾತ್ರಿ ಉಳಿಯುವುದೇ ಸರಿ.

ಮಕ್ಕಳ ಟಾನ್ಸಿಲ್ ತೆಗೆಸುವವರು ಅಪ್ಪ ಅಮ್ಮನನ್ನು ಎಚ್ಚರವಾಗುವ ಕೋಣೆಗೆ ಬಿಡುತ್ತಾರಾ ಕೇಳಿ. ಮಗುವಿಗೆ ಅಂಕಿ ಅರ್ಥವಾಗುವುದಿಲ್ಲ, ನಗುವ ಮುಖ, ಅಳುವ ಮುಖದ ಚಿತ್ರ ತೋರಿಸಿ ಕೇಳುವ ಕಡೆ ಒಳ್ಳೆಯದು. ಟಾನ್ಸಿಲ್ ನೋವು ಎರಡನೇ ದಿನ ಇಳಿದು ಮತ್ತೆ ಏರುವುದುಂಟು. ವಾರದಿಂದ ಹತ್ತು ದಿನ ಇರುತ್ತದೆ. ಐದರಿಂದ ಹತ್ತನೇ ದಿನದ ನಡುವೆ ರಕ್ತ ಬರುವ ಸಾಧ್ಯತೆ ಇದೆ, ಬಂದರೆ ತಕ್ಷಣ ಆಸ್ಪತ್ರೆ. ಟಾನ್ಸಿಲ್ ತೆಗೆಸಿದ ಹದಿನೆಂಟು ವರ್ಷದೊಳಗಿನವರಿಗೆ ಟ್ರಮಡಾಲ್ ಬೇಡ. ಔಷಧಿ ತೂಕದ ಲೆಕ್ಕದಲ್ಲಿ, ಅಣ್ಣನದು ತಮ್ಮನಿಗಲ್ಲ.

ಇನ್ನು ಹೆಂಗಸರ ಮಾತು. ಯಾವ ಆಪರೇಷನ್ನೇ ಆಗಲಿ, ಮನೆಗೆ ಬಂದ ಮರುದಿನ ಒಲೆ ಮುಂದೆ ನಿಲ್ಲಬೇಕಾದ ಮನೆಯಾಗಿದ್ದರೆ ನಾನು ಒಂದು ರಾತ್ರಿ ಅಲ್ಲೇ ಇರಿ ಅನ್ನುತ್ತೇನೆ. ಡಾಕ್ಟರ ಹತ್ತಿರ ಇದನ್ನು ಬಾಯಿಬಿಟ್ಟು ಹೇಳಿ. "ಮನೇಲಿ ನೋಡ್ಕೊಳ್ಳೋರಿಲ್ಲ" ಅನ್ನುವುದು ಸಂಜೆ ಕಳಿಸದಿರಲು ಸರಿಯಾದ ಕಾರಣ. ಪೂರ್ತಿ ಅನಸ್ತೇಷಿಯಾ ಕೊಟ್ಟವರ ಜತೆ 24 ಗಂಟೆ ದೊಡ್ಡವರೊಬ್ಬರು ಇರಲೇಬೇಕು. ಗಾಡಿ ಓಡಿಸುವುದು, ಬ್ಯಾಂಕು, ಜಮೀನಿನ ಕಾಗದಕ್ಕೆ ಸಹಿ ಹಾಕುವುದು ಆ ದಿನ ಬೇಡ.

ಮಾತ್ರೆ ವಿಚಾರ

ಎಲ್ಲಿ ಮಾಡಿಸಿದರೂ ಇದು ಒಂದೇ. ಮೊದಲ ಎರಡು ಮೂರು ದಿನ ನೋವು ಬರಲಿ ಅಂತ ಕಾಯದೆ ಹೊತ್ತಿಗೆ ಸರಿಯಾಗಿ ತಗೋಬೇಕು. "ಪೇನ್ ಕಿಲ್ಲರ್ ಕಿಡ್ನಿಗೆ ಕೆಟ್ಟದ್ದು" ಅಂತ ಎಲ್ಲ ಮಾತ್ರೆಯನ್ನೂ ಬಿಟ್ಟು ನರಳುವವರಿದ್ದಾರೆ. ಆ ಮಾತು ಡೈಕ್ಲೋಫೆನಾಕ್ ಜಾತಿಗೆ ಸಲ್ಲುತ್ತದೆ, ಹೇಳಿದ ಮಿತಿಯಲ್ಲಿ ತಗೊಂಡ ಪ್ಯಾರಾಸಿಟಮಾಲ್‌ಗೆ ಅಲ್ಲ. ಪ್ಯಾರಾಸಿಟಮಾಲ್ ದೊಡ್ಡವರಿಗೆ ದಿನಕ್ಕೆ 4 ಗ್ರಾಂ ದಾಟಬಾರದು. ತೂಕ ಕಡಿಮೆ ಇರುವವರು, ಲಿವರ್ ತೊಂದರೆ ಇರುವವರು, ದಿನಾ ಕುಡಿಯುವವರಿಗೆ ಇನ್ನೂ ಕಡಿಮೆ. ಕುಡಿಯುವುದನ್ನು ಸಿಸ್ಟರ್ ಹತ್ತಿರ ಮುಚ್ಚಿಡಬೇಡಿ.

ಇಲ್ಲೊಂದು ಗುಂಡಿ ಇದೆ. ಚೀಟಿಯಲ್ಲಿ ಝೀರೋಡಾಲ್ ಪಿ ಥರದ ಮಾತ್ರೆ ಇರುತ್ತದೆ, ಅದರ ಕೊನೆಯ 'ಪಿ' ಅಂದರೆ ಪ್ಯಾರಾಸಿಟಮಾಲ್. ಅದು ಸಾಲಲಿಲ್ಲ ಅಂತ ಮನೆಯಲ್ಲಿದ್ದ ಡೋಲೋ 650 ಸೇರಿಸುತ್ತಾರೆ. ಒಂದೇ ಔಷಧಿ ಎರಡು ಕಡೆಯಿಂದ ಹೋಗುತ್ತಿರುವುದು ಗೊತ್ತೇ ಆಗುವುದಿಲ್ಲ. "ಇದರ ಜತೆ ಡೋಲೋ ಕೊಡಬಹುದಾ, ಎಷ್ಟು?" ಅಂತ ಹೊರಡುವ ಮುಂಚೆಯೇ ಕೇಳಿ. ಬ್ಯಾಂಡೇಜು ಪೂರ್ತಿ ನೆನೆದರೆ, ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಒಂದೇ ಕಾಲಿನ ಮೀನಖಂಡ ಊದಿದರೆ, ಹೇಳಿದ ಮಾತ್ರೆಯೆಲ್ಲ ಕೊಟ್ಟರೂ ನೋವು ಏರುತ್ತಲೇ ಇದ್ದರೆ ಆಸ್ಪತ್ರೆಗೆ ಫೋನ್ ಮಾಡಿ. ಅಲ್ಲಿ ಯಾರೂ ಎತ್ತದಿದ್ದರೆ ಸಲಹೆಗೆ 104 ಇದೆ. ಉಸಿರಾಟದ ತೊಂದರೆ, ಪ್ರಜ್ಞೆ ತಪ್ಪುವುದು ಕಂಡರೆ 108.

ದುಡ್ಡು ಮತ್ತು ದಿನ

ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜಿನ ಶೇಕಡಾ 30ರಷ್ಟು, 1.5 ಲಕ್ಷದ ಮಿತಿಯಲ್ಲಿ. ತುರ್ತು ಅಲ್ಲದ ಆಪರೇಷನ್‌ಗೆ ಖಾಸಗಿಗೆ ಹೋಗುವುದಾದರೆ ಮೊದಲು ಸರ್ಕಾರಿ ಆಸ್ಪತ್ರೆಯಿಂದ ರೆಫರ್ ಮಾಡಿಸಿಕೊಳ್ಳಬೇಕು. ನೇರ ನರ್ಸಿಂಗ್ ಹೋಮಿಗೆ ಹೋಗಿ ಸೇರಿ ಆಮೇಲೆ ಕಾರ್ಡ್ ತೋರಿಸಿದರೆ ಆಗುವುದಿಲ್ಲ. ಸಹಕಾರ ಸಂಘದ ಸದಸ್ಯರಾಗಿ ಯಶಸ್ವಿನಿ ಆರೋಗ್ಯ ಯೋಜನೆ ಮಾಡಿಸಿದ್ದರೆ ಆ ಕಾರ್ಡನ್ನೂ ಒಯ್ಯಿರಿ. ಸ್ವಂತ ಇನ್ಶೂರೆನ್ಸ್ ಇರುವವರು, 24 ಗಂಟೆ ದಾಖಲಾಗದಿದ್ದರೂ ಕೊಡುವ ಡೇ ಕೇರ್ ಪಟ್ಟಿಯಲ್ಲಿ ನಿಮ್ಮ ಆಪರೇಷನ್ ಇದೆಯಾ ನೋಡಿ.

ದುಡ್ಡು ಬಹಳ ಬಿಗಿ, ಜತೆಗೆ ಗಟ್ಟಿಯಾಗಿ ಕೇಳುವ ಮಗನೋ ಸೊಸೆಯೋ ಇದ್ದಾರೆ ಅಂದರೆ ಜಿಲ್ಲಾಸ್ಪತ್ರೆ. ಆರೋಗ್ಯ ಚೆನ್ನಾಗಿದ್ದು ಬರೀ ಹರ್ನಿಯಾ, ಪೈಲ್ಸ್ ಆಗಿದ್ದರೆ, ಪೇಟೆಯಿಂದ ಒಂದು ಗಂಟೆಯೊಳಗೆ ಮನೆ ಇದ್ದರೆ, ಆ ಎರಡು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟ ನರ್ಸಿಂಗ್ ಹೋಮ್. ಭುಜ, ಮಂಡಿಯ ಸೂಕ್ಷ್ಮ ಕೆಲಸಕ್ಕೆ, ಹಿಂದೊಮ್ಮೆ ಅನಸ್ತೇಷಿಯಾದಲ್ಲಿ ತೊಂದರೆ ಆಗಿದ್ದವರಿಗೆ ದೊಡ್ಡ ಊರು, ಅಲ್ಲಿ ತಂಗಲು ಜಾಗ ಇದ್ದರೆ ಮಾತ್ರ.

ತುರ್ತು ಇಲ್ಲದಿದ್ದರೆ ತಿಂಗಳನ್ನೂ ನೀವೇ ಆರಿಸಬಹುದು. ಕಾಫಿ ಕೊಯ್ಲು ಮುಗಿದ ಮೇಲೆ, ಜೂನ್ ಮಳೆ ಹಿಡಿಯುವ ಮುಂಚೆ, ಮಲೆನಾಡಿನವರಿಗೆ ರಸ್ತೆಯೂ ಚೆನ್ನಾಗಿರುತ್ತದೆ, ಮನೆಯಲ್ಲಿ ಜನವೂ ಸಿಗುತ್ತಾರೆ. ಶನಿವಾರದ ಡೇಟ್ ಕೊಟ್ಟರೆ ಒಪ್ಪಬೇಡಿ. ನೋವು ಏರುವ ಹೊತ್ತಿಗೆ ಭಾನುವಾರ, ಓಪಿಡಿ ಇಲ್ಲ, ಆಪರೇಷನ್ ಮಾಡಿದ ಡಾಕ್ಟರ್ ಊರಲ್ಲಿಲ್ಲ. ಸೋಮವಾರವೋ ಮಂಗಳವಾರವೋ ಕೇಳಿ, ಸಾಮಾನ್ಯವಾಗಿ ಕೊಡುತ್ತಾರೆ.